ನಾರ್ವೆ ವಿದ್ಯಾರ್ಥಿನಿಯ ವೈಯಕ್ತಿಕ ತಾಣ: ಬೆಳಿಗ್ಗೆ ಹಾಕಿದ ಬರಹ ಮಧ್ಯಾಹ್ನ ಕಾಣುತ್ತೆ, ಕೆಲವು ಫೋಟೊ ಕಾಣೋದೇ ಇಲ್ಲ

ಕಾವೇರಿತೀರ (ಪ್ರಶ್ನೆ)

ನಮ್ಮ ವಿಭಾಗಕ್ಕೆ ಒಂದು ಸೆಮಿಸ್ಟರ್ ಮಟ್ಟಿಗೆ ನಾರ್ವೆಯಿಂದ ಒಬ್ಬ ವಿದ್ಯಾರ್ಥಿನಿ ಬಂದಿದ್ದಾರೆ. ಮನೆಯವರು, ಗೆಳೆಯರು ಓದಲಿ ಅಂತ ಸ್ವಂತ ತಾಣದಲ್ಲಿ ವಾರಕ್ಕೊಂದು ಬರಹ ಹಾಕ್ತಾರೆ. ಹ್ಯೂಗೊ ಅನ್ನೋ ತಂತ್ರಾಂಶದಲ್ಲಿ ಕಟ್ಟಿದ ತಾಣ, ಗಿಟ್‌ಹಬ್ ಪೇಜಸ್ ಅನ್ನೋ ಸೇವೆಯಲ್ಲಿದೆ, ಡೊಮೇನ್ ಡಾಟ್ ಎನ್‌ಒ. ಬೆಂಗಳೂರಿಗೆ ಬಂದಮೇಲೆ ಮೂರು ತೊಂದರೆ ಶುರುವಾಗಿದೆ.

ಒಂದು, ಬೆಳಿಗ್ಗೆ 9ಕ್ಕೆ ಹಾಕಿದ ಬರಹ ತಾಣದಲ್ಲಿ ಬರಲ್ಲ. ಬಿಲ್ಡ್ (ಬರಹಗಳಿಂದ ಪುಟ ಕಟ್ಟೋ ಹಂತ) ಹಸಿರು ಟಿಕ್ ತೋರಿಸುತ್ತೆ, ತಪ್ಪು ಅಂತ ಎಲ್ಲೂ ಹೇಳಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಬಂದಿರುತ್ತೆ.

ಎರಡು, ಕೆಲವು ಫೋಟೊ ಅವರ ಮ್ಯಾಕ್‌ನಲ್ಲಿ ಸರಿಯಾಗಿ ಕಾಣುತ್ತೆ, ತಾಣದಲ್ಲಿ 404 (ಫೈಲ್ ಸಿಗಲಿಲ್ಲ ಅನ್ನೋ ದೋಷ). ಎಲ್ಲ ಫೋಟೊ ಅಲ್ಲ, ಕೆಲವು ಮಾತ್ರ. ಬ್ರೌಸರ್‌ನಲ್ಲಿ ಎಳೆದು ಹಾಕಿ ಅಪ್‌ಲೋಡ್ ಮಾಡ್ತಾರೆ.

ಮೂರು, ಡೊಮೇನ್ ನವೀಕರಣದ ದಿನ ಹತ್ತಿರ ಬಂದಿದೆ. ರಿಜಿಸ್ಟ್ರಾರ್ (ಡೊಮೇನ್ ಮಾರೋ ಸಂಸ್ಥೆ) ಖಾತೆಗೆ ಲಾಗಿನ್ ಆಗಲು ಓಟಿಪಿ ನಾರ್ವೆ ನಂಬರಿಗೆ ಹೋಗುತ್ತೆ, ಆ ಸಿಮ್ ಈಗ ಫೋನಿನಲ್ಲಿಲ್ಲ.

ಬಲ್ಲವರು ಹೇಳಿ.

ರಾಗಿಮುದ್ದೆ

ಇನ್‌ಸ್ಟಾಗ್ರಾಂ ಸಾಕಲ್ವಾ? ಇಷ್ಟೆಲ್ಲ ಒದ್ದಾಟ ಯಾಕೆ?

ಬೈಟುಬುತ್ತಿ

ಸ್ವಂತ ತಾಣದ ಬರಹ ಹತ್ತು ವರ್ಷ ಆದ್ರೂ ಅದೇ ವಿಳಾಸದಲ್ಲಿರುತ್ತೆ, ಅಜ್ಜಿ ಖಾತೆ ತೆರೀದೇ ಓದಬಹುದು. ಅದಕ್ಕೆ.

ಮೊದಲನೇ ತೊಂದರೆ ಸಮಯವಲಯದ್ದು. ಬರಹದ ಮೇಲ್ಭಾಗದಲ್ಲಿ ದಿನಾಂಕದ ಜೊತೆ 09:00 ಅಂತ ಕೈಯಾರೆ ಬರೆದು, ಕೊನೆಗೆ ವಲಯ ಬರೆಯದಿದ್ರೆ ಹ್ಯೂಗೊ ಅದನ್ನ ಯುಟಿಸಿ (ವಿಶ್ವ ಪ್ರಮಾಣ ಸಮಯ) ಅಂತಲೇ ಓದುತ್ತೆ. ಯುಟಿಸಿ 9 ಗಂಟೆ ಅಂದ್ರೆ ನಮ್ಮ ಮಧ್ಯಾಹ್ನ 2:30. ಅಲ್ಲೀವರೆಗೆ ಅದು ಮುಂದಿನ ದಿನಾಂಕದ ಬರಹ. ಅಂಥದ್ದನ್ನ ಹ್ಯೂಗೊ ಸದ್ದಿಲ್ಲದೆ ಬಿಟ್ಟುಬಿಡುತ್ತೆ. ಅದಕ್ಕೇ ಹಸಿರು ಟಿಕ್. ಜೆಕಿಲ್ ಅನ್ನೋ ಇಂಥದ್ದೇ ತಂತ್ರಾಂಶದಲ್ಲೂ ಇದೇ ಕಥೆ.

ನಾರ್ವೆಯಲ್ಲಿದ್ದಾಗ ಇದೇ ತಪ್ಪು ಇತ್ತು, ಗೊತ್ತಾಗಲಿಲ್ಲ ಅಷ್ಟೆ. ಅಲ್ಲಿ ಯುಟಿಸಿಗಿಂತ ಚಳಿಗಾಲದಲ್ಲಿ 1 ಗಂಟೆ, ಬೇಸಿಗೆಯಲ್ಲಿ 2 ಗಂಟೆ ಮುಂದೆ. ಇಲ್ಲಿ ಐದೂವರೆ.

ಪರಿಹಾರ: ಸಮಯದ ಕೊನೆಗೆ +05:30 ಸೇರಿಸಿ. ಟರ್ಮಿನಲ್‌ನಿಂದ ಹ್ಯೂಗೊ ನ್ಯೂ ಆದೇಶ ಕೊಟ್ಟು ಬರಹ ಶುರು ಮಾಡಿದ್ರೆ ಕಂಪ್ಯೂಟರಿನ ವಲಯ ತಾನಾಗೇ ಬೀಳುತ್ತೆ. ಬ್ರೌಸರಿನಲ್ಲಿ ಬರೆಯೋರಿಗೆ ಮಾತ್ರ ಈ ಪೆಟ್ಟು.

ಹಾಸನದ ಹುಡುಗ

ಒಂದು ತಿದ್ದುಪಡಿ. 2:30 ಆದ ತಕ್ಷಣ ಅದು ತಾನಾಗೇ ಬರಲ್ಲ. ಸ್ಥಿರ ತಾಣ ಅಂದ್ರೆ ಕೊನೇ ಬಿಲ್ಡ್‌ನಲ್ಲಿ ಏನಿತ್ತೋ ಅದೇ. ಮಧ್ಯಾಹ್ನ ಅವರು ಇನ್ನೇನೋ ತಿದ್ದಿ ಕಮಿಟ್ ಮಾಡ್ತಿರಬೇಕು (ಅಂದ್ರೆ ಬದಲಾವಣೆ ಸೇರಿಸೋದು), ಆಗ ಮತ್ತೆ ಬಿಲ್ಡ್ ಆಗಿ ಬೆಳಗಿನದೂ ಜೊತೆಗೆ ಬರುತ್ತೆ. ಏನೂ ಮುಟ್ಟದಿದ್ರೆ ಮರುದಿನವೂ ಬರಲ್ಲ.

ಕಾವೇರಿತೀರ

ಹೌದು ಸಾರ್, ಬರಲಿಲ್ಲ ಅಂತ ಒಂದು ಸಾಲು ತಿದ್ದಿ ಮತ್ತೆ ಕಳಿಸ್ತಾ ಇದ್ರು. ಈಗ ಅರ್ಥ ಆಯ್ತು. ಕಾನ್ಫಿಗ್ ಫೈಲಿನಲ್ಲೇ ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಅಂತ ಒಂದೇ ಸಲ ಹಾಕಿದ್ರೆ ಆಗಲ್ವಾ?

ಬೈಟುಬುತ್ತಿ

ಆಗುತ್ತೆ, ಆದ್ರೆ ಬೇಡ. ನಾರ್ವೆಯಲ್ಲಿ ಬರೆದ ಹಳೇ ಬರಹಗಳಿಗೂ ವಲಯ ಇಲ್ಲ ಅನ್ಸುತ್ತೆ. ಕಾನ್ಫಿಗ್ ಬದಲಿಸಿದ್ರೆ ಅವೆಲ್ಲ ಭಾರತದ ಸಮಯ ಅಂತ ಓದಲ್ಪಡ್ತಾವೆ. ಪುಟದಲ್ಲಿ ಕಾಣೋ ಗಂಟೆ ಬದಲಾಗಲ್ಲ, ಫೀಡಿನಲ್ಲಿ (ಚಂದಾದಾರರ ಓದುಗ ಆ್ಯಪ್‌ಗೆ ಹೋಗೋ ಬರಹಗಳ ಪಟ್ಟಿ) ಹೋಗೋ ಸಮಯ ಮಾತ್ರ ಎಲ್ಲದಕ್ಕೂ ಪಲ್ಲಟ. ಊರು ಬಿಟ್ಟು ಊರು ಹೋಗೋರು ಪ್ರತಿ ಬರಹದಲ್ಲೂ ಆಯಾ ಜಾಗದ ವಲಯ ಬರೆಯೋದೇ ಸರಿ.

ಹಾಸನದ ಹುಡುಗ

ಮುಂಚಿತವಾಗಿ ಬರೆದಿಟ್ಟು ಇಂತಿಷ್ಟು ಹೊತ್ತಿಗೆ ಬರಲಿ ಅಂತಿದ್ರೆ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ದಿನಕ್ಕೊಂದು ಬಿಲ್ಡ್ ಇಡಿ. ಅಲ್ಲಿ ಕ್ರಾನ್ (ವೇಳಾಪಟ್ಟಿಯ) ಸಮಯ ಯುಟಿಸಿಯಲ್ಲಿ: ನಮ್ಮ ಬೆಳಿಗ್ಗೆ 9ಕ್ಕೆ ಬೇಕಿದ್ರೆ ನಿಮಿಷ 30, ಗಂಟೆ 3. ನಿಮಿಷಕ್ಕೆ ಸರಿಯಾಗಿ ಓಡುತ್ತೆ ಅಂತ ನಂಬಬೇಡಿ, ತಡ ಆಗೋದುಂಟು. ಸಾರ್ವಜನಿಕ ರೆಪೊದಲ್ಲಿ (ತಾಣದ ಫೈಲುಗಳ ಭಂಡಾರ) 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ರೆ ಈ ವೇಳಾಪಟ್ಟಿಯೇ ನಿಂತುಹೋಗುತ್ತೆ. ಪರೀಕ್ಷೆ, ರಜೆ ಅಂತ ಎರಡು ತಿಂಗಳು ಬಿಟ್ಟೋರಿಗೆ ಇದು ಆಗೋದು.

ರಾಗಿಮುದ್ದೆ

ನಾರ್ವೆಗೂ ನಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಮನೆಯೋರು ಏಳೋ ಹೊತ್ತಿಗೆ ಬರಬೇಕು ಅಂದ್ರೆ ಇಲ್ಲಿ ಹನ್ನೊಂದೂವರೆಗೆ ಹಾಕಿದ್ರೆ ಸಾಕು.

ಓಸ್ಲೊ ಕನ್ನಡತಿ

ನಾಲ್ಕೂವರೆ ಚಳಿಗಾಲದಲ್ಲಿ ಮಾತ್ರ. ಮಾರ್ಚ್ ಕೊನೇ ಭಾನುವಾರದಿಂದ ಅಕ್ಟೋಬರ್ ಕೊನೇ ಭಾನುವಾರದವರೆಗೆ ಮೂರೂವರೆ. ಮೇ 17ರ ಸಂವಿಧಾನ ದಿನದ ಬರಹ ಅಲ್ಲಿನ ಬೆಳಿಗ್ಗೆ 7ಕ್ಕೆ ಬರಬೇಕಿದ್ರೆ ಇಲ್ಲಿ 10:30.

ಅಕ್ಷರಪ್ರಿಯ

ಎರಡನೇ ತೊಂದರೆಗೆ ಬರ್ತೀನಿ. ನಾರ್ವೆ ಭಾಷೆಗೆ 29 ಅಕ್ಷರ. ಕೊನೇ ಮೂರು ಹೀಗೆ: ಎ ಮತ್ತು ಇ ಅಂಟಿದ ಜೋಡಿ, ಗೆರೆ ಹೊಡೆದ ಓ, ತಲೆ ಮೇಲೆ ಉಂಗುರ ಇರೋ ಎ. 404 ಆಗ್ತಿರೋ ಫೋಟೊಗಳ ಹೆಸರು ನೋಡಿ. ಉಂಗುರದ ಎ ಇರೋವು ಮಾತ್ರ ಬಿದ್ದಿರುತ್ತೆ, ಉಳಿದೆರಡು ಅಕ್ಷರದ ಫೋಟೊ ಚೆನ್ನಾಗೇ ಇರುತ್ತೆ.

ಕಾರಣ: ಯುನಿಕೋಡ್‌ನಲ್ಲಿ (ಅಕ್ಷರಗಳಿಗೆ ಸಂಖ್ಯೆ ಕೊಡೋ ಪದ್ಧತಿ) ಉಂಗುರದ ಎ ಬರೆಯಲು ಎರಡು ದಾರಿ. ಇಡೀ ಅಕ್ಷರಕ್ಕೆ ಒಂದೇ ಸಂಖ್ಯೆ, 229. ಇಲ್ಲವೇ ಬರೀ ಎ (97), ಅದರ ಮೇಲೆ ಕೂರೋ ಉಂಗುರ (778), ಎರಡು ಬಿಡಿ ಸಂಖ್ಯೆ. ಕಣ್ಣಿಗೆ ಎರಡೂ ಒಂದೇ. ಮ್ಯಾಕ್‌ನ ಫೈಂಡರ್‌ನಲ್ಲಿ ಹೆಸರು ಕೊಟ್ಟರೆ ಬಿಡಿಸಿದ ರೂಪ ಕೂರುತ್ತೆ. ಬರಹದೊಳಗೆ ಕೀಲಿಮಣೆಯಿಂದ ಟೈಪ್ ಮಾಡಿದ ಕೊಂಡಿಯಲ್ಲಿ ಕೂಡಿಸಿದ ರೂಪ. ಮ್ಯಾಕ್ ಎರಡನ್ನೂ ಒಂದೇ ಅಂತ ಎಣಿಸಿ ಫೈಲ್ ತೆರೆದುಕೊಡುತ್ತೆ. ಲಿನಕ್ಸ್ ಸರ್ವರ್‌ಗೆ ಬೈಟ್ ಬೇರೆ ಅಂದ್ರೆ ಫೈಲೇ ಬೇರೆ. ಗೆರೆಯ ಓ (248), ಎಇ-ಜೋಡಿ (230) ಇವೆರಡನ್ನೂ ಯುನಿಕೋಡ್ ಬಿಡಿಸೋದೇ ಇಲ್ಲ, ಅದಕ್ಕೇ ಅವು ಬಚಾವ್.

ಪರೀಕ್ಷೆ ಬೇಕಿದ್ರೆ ಫೈಲ್ ಹೆಸರು ತೋರಿಸೋ ಎಲ್‌ಎಸ್ ಆದೇಶದ ಫಲಿತಾಂಶವನ್ನ ಬೈಟ್ ತೋರಿಸೋ 'ಓ-ಡಿ' ಆದೇಶಕ್ಕೆ ಕೊಟ್ಟು ದಶಮಾನ ಬೈಟ್ ನೋಡಿ. ಆ ಅಕ್ಷರದ ಜಾಗದಲ್ಲಿ 195 165 ಇದ್ರೆ ಕೂಡಿಸಿದ್ದು, 97 204 138 ಇದ್ರೆ ಬಿಡಿಸಿದ್ದು.

ಕಾವೇರಿತೀರ

ಈಗಷ್ಟೇ ನೋಡಿದ್ವಿ. 97 204 138. ಬಿದ್ದಿರೋ ಹನ್ನೊಂದು ಫೋಟೊದ ಹೆಸರಲ್ಲೂ ಉಂಗುರ ಇದೆ!

ಅಕ್ಷರಪ್ರಿಯ

ಹಾಗಾದ್ರೆ ಎರಡು ದಾರಿ. ಹೆಸರುಗಳನ್ನ ಉಳಿಸಿಕೊಳ್ಳಬೇಕಿದ್ರೆ ಕಾನ್‌ಎಂವಿ ಅನ್ನೋ ಸಾಧನ ಲಿನಕ್ಸ್‌ನಲ್ಲಿ ಓಡಿಸಿ: ಎರಡೂ ಕಡೆ ಯುಟಿಎಫ್-8, ಜೊತೆಗೆ ಎನ್‌ಎಫ್‌ಸಿ (ಕೂಡಿಸಿದ ರೂಪ) ಆಯ್ಕೆ. ಸುಮ್ಮನೆ ಓಡಿಸಿದ್ರೆ ಏನು ಮಾಡ್ತೀನಿ ಅಂತ ತೋರಿಸುತ್ತೆ ಅಷ್ಟೆ, ನೋಟೆಸ್ಟ್ ಆಯ್ಕೆ ಕೊಟ್ಟಾಗಲೇ ಹೆಸರು ಬದಲಿಸೋದು. ಮೊದಲು ತೋರಿಸಿದ್ದನ್ನ ಓದಿ, ಆಮೇಲೆ ಕೊಡಿ.

ಇಲ್ಲವೇ ಫೋಟೊಗಳಿಗೆ ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ. ನನ್ನ ಮತ ಇದಕ್ಕೇ. ಫೈಲಿನ ಹೆಸರು ಯಾರೂ ಓದಲ್ಲ, ಚಿತ್ರದ ವಿವರಣೆಯಲ್ಲಿ ಭಾಷೆ ಸರಿಯಾಗಿದ್ರೆ ಸಾಕು.

ಧಾರವಾಡ ಫೇಡೆ

ಅಲ್ಲರೀ, ಹಂಗಿದ್ರ ತಾಣ ಪೂರ್ತಿ ಇಂಗ್ಲಿಷ್‌ನ್ಯಾಗ ಬರದ್ರ ಮುಗೀತಲ್ಲ?

ಓಸ್ಲೊ ಕನ್ನಡತಿ

ಓದುವವರು ಅವರ ಅಪ್ಪ ಅಮ್ಮ, ಊರಿನವರು. ಅವರ ಭಾಷೆಯಲ್ಲೇ ಬರೆಯಲಿ ಬಿಡಿ. ಇಲ್ಲಿನ ಕೀಲಿಮಣೆಯಲ್ಲಿ ಆ ಅಕ್ಷರ ಇಲ್ಲ ಅಂತ ಉಂಗುರ, ಗೆರೆ ಬಿಟ್ಟು ಬರೆಯೋದೂ ತಪ್ಪು. ಎಫ್-ಎ-ಆರ್ ಅಂದ್ರೆ ಅಪ್ಪ. ಎ ಮೇಲೆ ಉಂಗುರ ಇಟ್ಟರೆ ಕುರಿ. ಗೆರೆ ಇಲ್ಲದ ಎಫ್-ಓ-ಆರ್ ಅಂದ್ರೆ 'ಗೋಸ್ಕರ', ಗೆರೆ ಇದ್ರೆ 'ಮುಂಚೆ'.

ಟೈಪ್ ಮಾಡಲು: ವಿಂಡೋಸ್‌ನಲ್ಲಿ ಆಲ್ಟ್ ಒತ್ತಿಹಿಡಿದು ಬಲಗಡೆ ಅಂಕಿಮಣೆಯಲ್ಲಿ 0229 ಹೊಡೆದ್ರೆ ಉಂಗುರದ ಎ, 0230 ಜೋಡಿ, 0248 ಗೆರೆಯ ಓ. ಮೊದಲ ಸೊನ್ನೆ ಬಿಟ್ಟರೆ ಬೇರೆ ಅಕ್ಷರ ಬೀಳುತ್ತೆ. ಅಂಕಿಮಣೆ ಇಲ್ಲದ ಲ್ಯಾಪ್‌ಟಾಪ್ ಆದ್ರೆ ಯುಎಸ್ ಇಂಟರ್‌ನ್ಯಾಷನಲ್ ವಿನ್ಯಾಸ ಹಾಕಿಕೊಂಡು ಬಲಗಡೆಯ ಆಲ್ಟ್ ಜೊತೆ ಡಬ್ಲ್ಯು, ಝಡ್, ಎಲ್. ಮ್ಯಾಕ್‌ನಲ್ಲಿ ಆಪ್ಷನ್ ಜೊತೆ ಎ ಒತ್ತಿದ್ರೆ ಉಂಗುರ, ಓ ಒತ್ತಿದ್ರೆ ಗೆರೆ.

ಹೆಂಚಿನಮನೆ

ಮಾರಾಯ್ರೆ, ಕನ್ನಡಕ್ಕೂ ಇದೇ ಅವಸ್ಥೆ ಉಂಟಲ್ಲ. 'ಕೋಲಾರ' ಅಂತ ಫೈಲಿಗೆ ಹೆಸರಿಟ್ಟು ಮ್ಯಾಕ್‌ನಿಂದ ಹಾಕಿದ್ರೆ ಬೀಳ್ತದೆ.

ಅಕ್ಷರಪ್ರಿಯ

ನಿಜ. ಓತ್ವದ ದೀರ್ಘ ಒಂದೇ ಸಂಖ್ಯೆಯಾಗಿ ಇರಬಹುದು, ಬಿಡಿಸಿದ್ರೆ ಮೂರಾಗುತ್ತೆ: ಏತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಚಿಹ್ನೆ. ಕೀ, ಕೇ, ಕೈ, ಕೊ, ಕೋ ಈ ಐದೂ ಬಿಡಿಯುತ್ತವೆ. ಕಾ, ಕಿ, ಕು, ಕೂ, ಕೆ, ಕೌ ಬಿಡಿಯಲ್ಲ. ಹಾಗಾಗಿ 'ಮಂಡ್ಯ' ಫೈಲ್ ಉಳಿಯುತ್ತೆ, 'ಕೋಲಾರ', 'ಬೀದರ' ಬೀಳುತ್ತೆ.

ಹ್ಯೂಗೊದಲ್ಲಿ ವಿಳಾಸದಿಂದ ಉಚ್ಚಾರ ಚಿಹ್ನೆ ತೆಗೆಯೋ ಒಂದು ಆಯ್ಕೆಯೂ ಇದೆ, ರಿಮೂವ್ ಪಾತ್ ಆ್ಯಕ್ಸೆಂಟ್ಸ್. ನಾರ್ವೆ ಬರಹಕ್ಕೆ ಅರ್ಧ ಕೆಲಸ ಮಾಡುತ್ತೆ: ಉಂಗುರ ಹೋಗುತ್ತೆ, ಗೆರೆಯ ಓ ಹಾಗೇ ಉಳಿಯುತ್ತೆ. ಕನ್ನಡ ಶೀರ್ಷಿಕೆಗೆ ಇದನ್ನ ಹಚ್ಚಿದ್ರೆ ಗುಡಿಸು, ಏತ್ವ, ಒತ್ತಕ್ಷರ ಕೂಡಿಸೋ ವಿರಾಮ ಚಿಹ್ನೆ ಕಿತ್ತುಹೋಗಿ ಪದವೇ ಹಾಳು. ಮುಟ್ಟಬೇಡಿ.

ಬೈಟುಬುತ್ತಿ

ಜ್ಯಾಂಗೊ ಅನ್ನೋ ಪೈಥಾನ್ ತಂತ್ರಾಂಶದಲ್ಲಿ ಶೀರ್ಷಿಕೆಯಿಂದ ಸ್ಲಗ್ (ವಿಳಾಸದ ಕೊನೇ ತುಂಡು) ಮಾಡೋ ಸ್ಲಗಿಫೈ ಇನ್ನೂ ಒರಟು. ಅಕ್ಷರ ಬಿಡಿಸಿ, ಇಂಗ್ಲಿಷ್ ಅಲ್ಲದ್ದನ್ನೆಲ್ಲ ಎಸೆಯುತ್ತೆ. ಬ್ಲೋಬ್ಯಾರ್ ಅಂದ್ರೆ ಅಲ್ಲಿನ ಕಾಡಿನ ನೀಲಿ ಹಣ್ಣು, ಪದದಲ್ಲಿ ಉಂಗುರದ ಎ, ಎಇ-ಜೋಡಿ ಎರಡೂ ಇವೆ. ಸ್ಲಗ್ ಆದಾಗ ಬಿ-ಎಲ್-ಎ-ಬಿ-ಆರ್ ಮಾತ್ರ ಉಳಿಯುತ್ತೆ. ಕನ್ನಡ ಶೀರ್ಷಿಕೆ ಕೊಟ್ಟರೆ ಪೂರ್ತಿ ಖಾಲಿ. ಅಲೋ ಯುನಿಕೋಡ್ ಅಂತ ಹಾಕಿದ್ರೂ 'ಕನ್ನಡ' ಹೋಗಿ 'ಕನನಡ' ಆಗುತ್ತೆ, ಪೈಥಾನಿನ ರೆಗ್ಯುಲರ್ ಎಕ್ಸ್‌ಪ್ರೆಷನ್‌ಗೆ ನಮ್ಮ ಸ್ವರಚಿಹ್ನೆಗಳು 'ಪದದ ಅಕ್ಷರ' ಅಲ್ಲ. ಯಾವ ಭಾಷೆಯಾದ್ರೂ ಸ್ಲಗ್ ಕೈಯಾರೆ ಬರೀರಿ. ನಾರ್ವೆಯವರ ರೂಢಿಯಲ್ಲಿ ಉಂಗುರದ ಎ ಬದಲು ಎರಡು ಎ, ಗೆರೆಯ ಓ ಬದಲು ಓ-ಇ, ಜೋಡಿಗೆ ಎ-ಇ.

ರಾಗಿಮುದ್ದೆ

ಹಳೇ ಸ್ಲಗ್‌ಗಳನ್ನೂ ಈಗಲೇ ಸರಿ ಮಾಡಿಬಿಡಲಿ, ಒಂದೇ ಸಲಕ್ಕೆ ಮುಗಿಯುತ್ತೆ.

ಹಾಸನದ ಹುಡುಗ

ದಯವಿಟ್ಟು ಬೇಡ. ಹ್ಯೂಗೊದ ಫೀಡಿನಲ್ಲಿ ಪ್ರತಿ ಬರಹದ ಗುರುತು ಅದರ ವಿಳಾಸವೇ. ವಿಳಾಸ ಬದಲಾದ್ರೆ ಚಂದಾದಾರರ ಓದುಗ ಆ್ಯಪ್ ಎಲ್ಲವನ್ನೂ ಹೊಸ ಬರಹ ಅಂತ ಮತ್ತೆ ಸುರಿಯುತ್ತೆ. ಬದಲಿಸಲೇಬೇಕಿದ್ರೆ ಹಳೇ ವಿಳಾಸವನ್ನ ಏಲಿಯಸ್ ಆಗಿ ಬರಹದ ಮೇಲ್ಭಾಗದಲ್ಲಿ ಇಡಿ. ಗಿಟ್‌ಹಬ್ ಪೇಜಸ್‌ನಲ್ಲಿ ಸರ್ವರ್ ಮಟ್ಟದ 301 (ಹೊಸ ವಿಳಾಸಕ್ಕೆ ಕಳಿಸೋ) ನಿಯಮ ಬರೆಯೋಕಾಗಲ್ಲ, ಏಲಿಯಸ್ ಒಂದು ಪುಟ್ಟ ಪುಟ ಮಾಡಿ ಓದುಗರನ್ನ ಹೊಸ ಜಾಗಕ್ಕೆ ದಾಟಿಸುತ್ತೆ. ಫೀಡಿನ ಪುನರಾವರ್ತನೆ ಅದರಿಂದ ನಿಲ್ಲಲ್ಲ.

ಫೀಡಿನ ಮಾತು ಬಂತು, ಎಡವೋ ಜಾಗ ಇನ್ನೊಂದಿದೆ. ಆರ್‌ಎಸ್‌ಎಸ್ ಅನ್ನೋ ಫೀಡಿನ ರೂಪದಲ್ಲಿ ದಿನಾಂಕ ಇಂಗ್ಲಿಷ್ ವಾರ-ತಿಂಗಳ ಹೆಸರಲ್ಲೇ ಇರಬೇಕು. ಫೀಡ್ ಟೆಂಪ್ಲೇಟ್ ತಾವೇ ತಿದ್ದಿದೋರು ಟೈಮ್ ಡಾಟ್ ಫಾರ್ಮ್ಯಾಟ್ ಫಂಕ್ಷನ್ ಬಳಸಿದ್ರೆ ತಾಣದ ಭಾಷೆಗೆ ತಕ್ಕಂತೆ ಮಾಯ್, ಒಕ್ಟೋಬರ್, ದೆಸೆಂಬರ್ ಅಂತ ನಾರ್ವೆ ಹೆಸರು ಬೀಳುತ್ತೆ, ಓದುಗ ಆ್ಯಪ್‌ಗೆ ದಿನಾಂಕ ಅರ್ಥ ಆಗಲ್ಲ. ಡಾಟ್ ಡೇಟ್ ಡಾಟ್ ಫಾರ್ಮ್ಯಾಟ್ ಅನ್ನೋ ಮೆಥಡ್ ಯಾವ ಭಾಷೆಯಲ್ಲೂ ಇಂಗ್ಲಿಷ್ ಹೆಸರೇ ಕೊಡುತ್ತೆ. ಫೀಡಿಗೆ ಈ ಮೆಥಡ್, ಪುಟಕ್ಕೆ ಆ ಫಂಕ್ಷನ್.

ಧಾರವಾಡ ಫೇಡೆ

ಭಾಷಾ ಗುರುತು ಏನಂತ ಹಾಕಬೇಕ್ರಿ? ಎನ್‌ಒ ಅಂತನೋ, ಎನ್‌ಬಿ ಅಂತನೋ?

ಓಸ್ಲೊ ಕನ್ನಡತಿ

ನಾರ್ವೆ ಬರಹಕ್ಕೆ ಎರಡು ರೂಪ: ಬೂಕ್‌ಮೋಲ್‌ನಲ್ಲಿ ಬರೆದರೆ ಎನ್‌ಬಿ, ನ್ಯೂನೊರ್ಸ್ಕ್ ಆದರೆ ಎನ್‌ಎನ್. ಎನ್‌ಒ ಅಂದ್ರೆ ಒಟ್ಟಾರೆ ನಾರ್ವೇಜಿಯನ್, ತಪ್ಪಲ್ಲ, ಆದ್ರೆ ಪದವಿಭಜನೆ, ಕಾಗುಣಿತ ತಪಾಸಣೆಗೆ ನಿಖರವಾದದ್ದು ಒಳ್ಳೇದು. ಇಂಗ್ಲಿಷ್ ಆವೃತ್ತಿಯೂ ಇದ್ರೆ ಎರಡು ಪುಟಗಳೂ ಒಂದನ್ನೊಂದು ತೋರಿಸಬೇಕು, ಜೊತೆಗೆ ತನ್ನನ್ನೂ ತೋರಿಸಬೇಕು. ಒಂದು ಕಡೆಯಿಂದ ಮಾತ್ರ ಕೊಂಡಿ ಇದ್ರೆ ಗೂಗಲ್ ಆ ಜೋಡಿಯನ್ನ ಲೆಕ್ಕಕ್ಕೆ ತಗೊಳ್ಳಲ್ಲ.

ಧಾರವಾಡ ಫೇಡೆ

ನ್ಯೂನೊರ್ಸ್ಕ್ ಅಂದ್ರ ಹಳ್ಳಿ ಮಾತು, ಬೂಕ್‌ಮೋಲ್ ಅಂದ್ರ ಪ್ಯಾಟಿ ಮಾತು. ನಮ್ಮ ಧಾರವಾಡ-ಮೈಸೂರು ಇದ್ದಂಗ.

ಓಸ್ಲೊ ಕನ್ನಡತಿ

ಅಲ್ಲ ಸರ್, ಎರಡೂ ಬರೆಯೋ ಭಾಷೆಯ ರೂಪಗಳು. ಮಾತಾಡೋದು ಎಲ್ಲರೂ ಅವರವರ ಊರಿನ ನುಡಿಯಲ್ಲೇ. ಡೇನಿಶ್ ಬರಹ ನಾರ್ವೆ ಕಡೆ ಬಾಗುತ್ತಾ ಬಂದದ್ದು ಬೂಕ್‌ಮೋಲ್. ಇವಾರ್ ಓಸೆನ್ (1813–1896) ಊರೂರು ಸುತ್ತಿ ಆಡುನುಡಿಗಳಿಂದ ಕಟ್ಟಿದ್ದು ನ್ಯೂನೊರ್ಸ್ಕ್. 1885ರಲ್ಲಿ ಎರಡಕ್ಕೂ ಸಮಾನ ಸ್ಥಾನ ಕೊಟ್ಟರು, ಈಗಿನ ಹೆಸರುಗಳು 1929ರಿಂದ.

ಅಕ್ಷರಪ್ರಿಯ

ಓಸೆನ್ ಹೆಸರು ತಾಣದವರಿಗೂ ಒಂದು ಪರೀಕ್ಷೆ. ಉಂಗುರದ ಎ ಅಧಿಕೃತವಾಗಿ ಬಂದದ್ದು 1917ರಲ್ಲಿ. ಅದಕ್ಕೂ ಮುಂಚಿನ ಹೆಸರುಗಳಲ್ಲಿ ಎರಡು ಎ ಬರೀತಿದ್ರು, ಓಸೆನ್ ಹೆಸರಲ್ಲೂ ಹಾಗೇ. ಆದ್ರೆ ಅಕಾರಾದಿಯಲ್ಲಿ ಅದು ಮೊದಲು ಬರಲ್ಲ, ಉಂಗುರದ ಎ ಜೊತೆ ಕಟ್ಟಕಡೆಗೆ. ಬರೀ ಯುನಿಕೋಡ್ ಸಂಖ್ಯೆ ಪ್ರಕಾರ ಜೋಡಿಸಿದ್ರೆ ಓಸೆನ್ ಮೊದಲಿಗೆ ಬರ್ತಾರೆ, ಕೊನೇ ಮೂರು ಅಕ್ಷರಗಳೂ 229, 230, 248 ಅಂತ ಉಂಗುರ ಮುಂದಾಗಿ ನಿಲ್ಲುತ್ತವೆ. ಸರಿಯಾದ ಕ್ರಮ ಜೋಡಿ, ಗೆರೆ, ಉಂಗುರ. ಜಾವಾಸ್ಕ್ರಿಪ್ಟ್‌ನಲ್ಲಿ ಇಂಟಲ್ ಕೊಲೇಟರ್‌ಗೆ (ಭಾಷೆಯ ಕ್ರಮದಲ್ಲಿ ಜೋಡಿಸೋ ಸಾಧನ) ಎನ್‌ಬಿ ಅಂತ ಕೊಟ್ಟರೆ ಎರಡೂ ಸರಿ ಹೋಗುತ್ತೆ.

ಹೆಂಚಿನಮನೆ

ಫೋಟೊ ಹಾಕುವವರಿಗೆ ಒಂದು ಮಾತು. ಫೋನಿನ ಚಿತ್ರದೊಳಗೆ ಜಿಪಿಎಸ್ ಇರ್ತದೆ. ಹಾಸ್ಟೆಲ್ ಕೋಣೆಯಿಂದ ತೆಗೆದ ಚಿತ್ರ ಹಾಗೇ ಹಾಕಿದ್ರೆ ಒಬ್ಬಳೇ ಇರುವ ಹುಡುಗಿಯ ವಿಳಾಸ ಊರಿಗೆಲ್ಲ ಕೊಟ್ಟ ಹಾಗೆ. ಎಕ್ಸಿಫ್‌ಟೂಲ್ ಎಂಬ, ಚಿತ್ರದೊಳಗಿನ ಮಾಹಿತಿ ತಿದ್ದುವ ಸಾಧನದಲ್ಲಿ ಆಲ್ ಅನ್ನು ಖಾಲಿ ಮಾಡಿ ಕಳಿಸಿ.

ಬೈಟುಬುತ್ತಿ

ಹಾಗೆ ಮಾಡಿದ್ರೆ ನಿಲುವಿನ ಗುರುತೂ ಹೋಗಿ ಉದ್ದನೆಯ ಚಿತ್ರಗಳು ಅಡ್ಡ ಮಲಗುತ್ತೆ. ಇಮೇಜ್‌ಮ್ಯಾಜಿಕ್‌ನಲ್ಲಿ ಮೊದಲು ಆಟೊ-ಓರಿಯೆಂಟ್, ಆಮೇಲೆ ಉದ್ದದ ಬದಿ 1600 ಪಿಕ್ಸೆಲ್‌ಗೆ ಇಳಿಸೋದು, ಕೊನೆಗೆ ಸ್ಟ್ರಿಪ್ (ಒಳಗಿನ ಮಾಹಿತಿ ಕಿತ್ತುಹಾಕೋದು), ಗುಣಮಟ್ಟ 75ರಲ್ಲಿ ವೆಬ್‌ಪಿ. ಕ್ರಮ ತಪ್ಪಬಾರದು. ಐಫೋನಿನ ಎಚ್‌ಇಐಸಿ ರೂಪದ ಚಿತ್ರ ಕ್ರೋಮ್‌ನಲ್ಲಿ ತೆರೆಯಲ್ಲ, ಪರಿವರ್ತನೆ ಬೇಕೇ ಬೇಕು. ಪೇಜಸ್ ತಾಣದ ಮಿತಿ 1 ಜಿಬಿ, ಮೂಲ ಗಾತ್ರದ ಚಿತ್ರ ಸುರೀತಾ ಹೋದ್ರೆ ಅದೂ ತುಂಬುತ್ತೆ.

ಒಮ್ಮೆ ಜಿಪಿಎಸ್ ಸಮೇತ ಕಮಿಟ್ ಆಗಿದ್ರೆ, ಆಮೇಲೆ ಅಳಿಸಿದ್ರೂ ಗಿಟ್ ಇತಿಹಾಸದಲ್ಲಿ ಇರುತ್ತೆ. ಗಿಟ್ ಫಿಲ್ಟರ್-ರೆಪೊ ಓಡಿಸಿ ಇತಿಹಾಸವನ್ನೇ ಹೊಸದಾಗಿ ಬರೀಬೇಕು.

ಓಸ್ಲೊ ಕನ್ನಡತಿ

ಚಿತ್ರದಲ್ಲಿರೋ ಗೆಳೆಯರ ಒಪ್ಪಿಗೆಯೂ ಕೇಳಲಿ. ನಾರ್ವೆಯ ಕೃತಿಸ್ವಾಮ್ಯ ಕಾನೂನಿನ 104ನೇ ಕಲಂ ಪ್ರಕಾರ ವ್ಯಕ್ತಿಯ ಚಿತ್ರ ಪ್ರಕಟಿಸಲು ಅವರ ಒಪ್ಪಿಗೆ ಬೇಕು. ಆ ವ್ಯಕ್ತಿಗಿಂತ ಸಂದರ್ಭವೇ ಮುಖ್ಯವಾದಂಥ ಕಡೆ, ಮೆರವಣಿಗೆಯಂಥ ಕಡೆ ವಿನಾಯಿತಿ ಇದೆ. ಬರಹಕ್ಕೂ ಎಚ್ಚರ ಬೇಕು. 2003ರಲ್ಲಿ ಯುರೋಪಿನ ನ್ಯಾಯಾಲಯ ಸ್ವೀಡನ್‌ನ ಒಂದು ವೈಯಕ್ತಿಕ ಪುಟದ ಪ್ರಕರಣದಲ್ಲಿ, ಎಲ್ಲರಿಗೂ ತೆರೆದಿರೋ ಪುಟ 'ಮನೆಯೊಳಗಿನ ವ್ಯವಹಾರ' ಅಲ್ಲ ಅಂತ ಹೇಳಿತು. ಅಲ್ಲಿ ಬರೆದಿದ್ದು ಸಹೋದ್ಯೋಗಿಯ ಕಾಲಿಗೆ ಪೆಟ್ಟಾಗಿದೆ ಅನ್ನೋ ಸಂಗತಿ. ಅದೂ ಆರೋಗ್ಯದ ಮಾಹಿತಿ ಆಯ್ತು.

ಕಾವೇರಿತೀರ

ತುಂಬಾ ಉಪಕಾರ ಆಯ್ತು. ಸಮಯ ಸರಿಹೋಯ್ತು, ಫೋಟೊ ಹೆಸರು ಬದಲಿಸ್ತಿದ್ದಾರೆ. ಡೊಮೇನ್ ವಿಚಾರ ಯಾರಾದ್ರೂ ಹೇಳ್ತೀರಾ?

ರಾಗಿಮುದ್ದೆ

ಅದನ್ನ ಬಿಟ್ಟು ಡಾಟ್ ಕಾಂ ತಗೊಳ್ಳಲಿ.

ಹಾಸನದ ಹುಡುಗ

ಬಿಡೋ ಮುಂಚೆ ಒಂದು ಯೋಚಿಸಿ: ಆ ಡೊಮೇನ್ ಮೇಲೆ ಮಿಂಚಂಚೆ ಇದ್ರೆ, ಬ್ಯಾಂಕಿನಿಂದ ಹಿಡಿದು ಕಾಲೇಜಿನವರೆಗೆ ಅದೇ ವಿಳಾಸ ಕೊಟ್ಟಿದ್ರೆ, ನಾಳೆ ಡೊಮೇನ್ ಕೊಂಡವರ ಕೈಗೆ ಪಾಸ್‌ವರ್ಡ್ ಮರುಹೊಂದಿಕೆಯ ಅಂಚೆಗಳೆಲ್ಲ ಹೋಗುತ್ತೆ. ತಾಣ ನಿಂತರೂ ಡೊಮೇನ್ ಉಳಿಸಿಕೊಳ್ಳಬೇಕು.

ಓಸ್ಲೊ ಕನ್ನಡತಿ

ಡಾಟ್ ಎನ್‌ಒ ನೋಡಿಕೊಳ್ಳೋದು ಟ್ರೋಂಡ್‌ಹೈಮ್‌ನ ನೋರಿಡ್. 2014ರವರೆಗೆ ಖಾಸಗಿ ವ್ಯಕ್ತಿಗಳಿಗೆ ನೇರವಾಗಿ ಸಿಗ್ತಿರಲಿಲ್ಲ, ಪ್ರಿವ್ ಡಾಟ್ ಎನ್‌ಒ ಅಡಿ ತಗೋಬೇಕಿತ್ತು. ಈಗ 18 ತುಂಬಿರಬೇಕು, ನಾರ್ವೆಯ ಜನ್ಮಸಂಖ್ಯೆ (ಅಲ್ಲಿನ ಗುರುತಿನ ಸಂಖ್ಯೆ) ಇರಬೇಕು, ನಾರ್ವೆಯಲ್ಲಿ ಅಂಚೆ ವಿಳಾಸ ಇರಬೇಕು, ಒಬ್ಬರಿಗೆ ಹೆಚ್ಚೆಂದ್ರೆ 5 ಡೊಮೇನ್. ವಿದೇಶದಲ್ಲಿ ಓದೋರು ಬಾಡಿಗೆ ಕೋಣೆ ಬಿಟ್ಟು ಬಂದಿದ್ರೆ ಅಪ್ಪ ಅಮ್ಮನ ಮನೆ ವಿಳಾಸಕ್ಕೆ ಬದಲಿಸಿಡಲಿ. ಬೆಂಗಳೂರಿನ ವಿಳಾಸ ಹಾಕಬಾರದು.

ಓಟಿಪಿಗೆ: ಆ ಸಿಮ್ ಹಳೇ ಫೋನಿಗೆ ಹಾಕಿ ರೋಮಿಂಗ್ ಆನ್ ಮಾಡಿದ್ರೆ ಎಸ್ಎಂಎಸ್ ಬರುತ್ತೆ. ಒಳಗೆ ಹೋದ ತಕ್ಷಣ ಎಸ್ಎಂಎಸ್ ಬಿಟ್ಟು ಅಥೆಂಟಿಕೇಟರ್ ಆ್ಯಪ್‌ಗೆ ಬದಲಿಸಿ, ಮರುಪ್ರಾಪ್ತಿ ಸಂಕೇತಗಳನ್ನ ಕಾಗದದಲ್ಲಿ ಬರೆದಿಡಲಿ. ಕಾರ್ಡಿನ ಅವಧಿ ಮುಗಿದಿದ್ಯಾ ಅಂತಲೂ ನೋಡಲಿ, ತಾನಾಗೇ ನವೀಕರಣ ಇಟ್ಟಿದ್ರೂ ಕಾರ್ಡ್ ಸತ್ತಿದ್ರೆ ದುಡ್ಡು ಹೋಗಲ್ಲ.

ಕಾವೇರಿತೀರ

ಸಿಮ್ ಹಾಕಿದ್ವಿ, ಓಟಿಪಿ ಬಂತು, ನವೀಕರಣ ಆಯ್ತು. ಇದೇ ಹೊತ್ತಲ್ಲಿ ಡಿಎನ್‌ಎಸ್ (ಡೊಮೇನ್ ಹೆಸರನ್ನ ಸರ್ವರ್ ವಿಳಾಸಕ್ಕೆ ಜೋಡಿಸೋ ವ್ಯವಸ್ಥೆ) ಬೇರೆ ಕಡೆಗೆ ಸಾಗಿಸೋಣ ಅಂತಿದ್ದಾರೆ. ನೇಮ್‌ಸರ್ವರ್ ಬದಲಿಸಿದ್ರೆ ಆಯ್ತಲ್ವಾ?

ಹಾಸನದ ಹುಡುಗ

ನಿಲ್ಲಿ. ಡಾಟ್ ಎನ್‌ಒ ಡೊಮೇನ್‌ಗಳಲ್ಲಿ ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರಗಳಿಗೆ ಸಹಿ ಹಾಕೋ ರಕ್ಷಣೆ) ಬಹಳ ಕಡೆ ಆನ್ ಇರುತ್ತೆ. ಹಳೇ ಕೀಲಿಯ ಡಿಎಸ್ ದಾಖಲೆ ಮೇಲಿನ ವಲಯದಲ್ಲಿ ಹಾಗೇ ಇದ್ದು, ಹೊಸ ಸರ್ವರ್ ಸಹಿ ಹೊಂದದಿದ್ರೆ ಇಡೀ ಡೊಮೇನ್ ಸರ್ವ್‌ಫೇಲ್ (ಉತ್ತರವೇ ಸಿಗಲ್ಲ). ತಾಣ, ಅಂಚೆ ಎರಡೂ ಹೋಗುತ್ತೆ. ಮೊದಲು ರಿಜಿಸ್ಟ್ರಾರ್ ಬಳಿ ಡಿಎಸ್ ತೆಗೆಸಿ, ಕಾಯಿರಿ. ಆಮೇಲೆ ನೇಮ್‌ಸರ್ವರ್ ಬದಲಿಸಿ. ಹೊಸ ಕಡೆ ಎಲ್ಲ ಸರಿ ನಡೀತಿದೆ ಅಂತ ಖಾತ್ರಿ ಆದ್ಮೇಲೆ ಹೊಸ ಡಿಎಸ್ ಸೇರಿಸಿ. ಅಂಚೆಯ ಎಂಎಕ್ಸ್ ದಾಖಲೆ, ಪೇಜಸ್‌ನ ನಾಲ್ಕು ಎ ದಾಖಲೆಗಳು (185.199.108.153ರಿಂದ 185.199.111.153ರವರೆಗೆ) ಹೊಸ ಕಡೆ ಮೊದಲೇ ತುಂಬಿರಲಿ.

ಕಾವೇರಿತೀರ

ಡಿಎಸ್ ತೆಗೆಸಿದ ಮೇಲೆ ಎಷ್ಟು ಹೊತ್ತು ಕಾಯೋದು?

ಹಾಸನದ ಹುಡುಗ

ಅದರ ಟಿಟಿಎಲ್ (ಬೇರೆ ಸರ್ವರ್‌ಗಳು ಆ ದಾಖಲೆ ನೆನಪಿಟ್ಟುಕೊಳ್ಳೋ ಅವಧಿ) ಪೂರ್ತಿ ಕಳೆಯೋವರೆಗೆ. ತೆಗೆಸೋ ಮುಂಚೆ ಡಿಗ್ ಆದೇಶದಲ್ಲಿ ಡಿಎಸ್ ಕೇಳಿ, ಡೊಮೇನ್ ಹೆಸರಿನ ಪಕ್ಕ ಸೆಕೆಂಡ್ ಲೆಕ್ಕ ಕಾಣುತ್ತೆ. ಕೇಳೋದು ಡಾಟ್ ಎನ್‌ಒ ವಲಯದ ಸರ್ವರನ್ನೇ. ಮನೆಯ ರೌಟರ್ ಕೇಳಿದ್ರೆ ಅರ್ಧ ಇಳಿದಿರೋ ಸಂಖ್ಯೆ ಸಿಗುತ್ತೆ, ಅದನ್ನ ನಂಬಿ ಬೇಗ ಬದಲಿಸಿಬಿಡ್ತೀರಿ. 7200 ಅಂದ್ರೆ ಎರಡು ಗಂಟೆ, 86400 ಅಂದ್ರೆ ಒಂದು ದಿನ.